ಯುವಮನಸ್ಸು ಮತ್ತು ಲಸಿಕೆ

ಸಿಡುಬಿನ ಕಲೆಗಳಿರುವ ಮುಖವನ್ನು ಇಂದಿನ ಹದಿಹರೆಯದವರಲ್ಲಿ ಹೆಚ್ಚಿನವರು ಕಂಡೇ ಇರಲಾರರು. ಅವರ ಅಜ್ಜ-ಅಜ್ಜಿಯರ ಕಾಲದಲ್ಲಾದರೋ ಅಂತಹ ಮುಖಗಳು ಊರೂರಲ್ಲೂ ಇದ್ದವು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರಲ್ಲಿ ವರದಿಯಾಯಿತು. 1980ರಲ್ಲಿ ಆ ರೋಗ ಭೂಮಿಯಿಂದಲೇ ನಿರ್ಮೂಲನವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಪೋಲಿಯೋ ಕೂಡ ಅದೇ ದಾರಿ ಹಿಡಿಯಿತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ ಕಂಡದ್ದೇ ನಮ್ಮ ದೇಶದ ಕೊನೆಯ ವನ್ಯ ಪೋಲಿಯೋ ಪ್ರಕರಣ. 2014ರ ಮಾರ್ಚ್‌ನಲ್ಲಿ ಭಾರತವು ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಈ ಎರಡೂ ಯಶಸ್ಸುಗಳ ಹಿಂದೆ ಇದ್ದದ್ದು ಲಸಿಕೆ.

ಇಷ್ಟೆಲ್ಲ ಕಣ್ಣೆದುರಿಗೆ ಇದ್ದರೂ 2019ರಲ್ಲಿ ಅದೇ ಸಂಸ್ಥೆಯು ಜಗತ್ತಿನ ಆರೋಗ್ಯಕ್ಕೆ ಎದುರಾಗಿರುವ ಹತ್ತು ಅಪಾಯಗಳನ್ನು ಪಟ್ಟಿ ಮಾಡಿದಾಗ, ಲಸಿಕೆಯ ಬಗೆಗಿನ ಹಿಂಜರಿಕೆಯೂ ಅದರಲ್ಲಿ ಸೇರಿತ್ತು. ಮದ್ದು ಇದ್ದೂ ಜನರು ಅದನ್ನು ಸ್ವೀಕರಿಸಲು ಹಿಂಜರಿಯುವುದೇಕೆ? ವಿದ್ಯೆ ಇಲ್ಲದಿರುವುದೇ ಕಾರಣ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಶಾಲೆ, ಕಾಲೇಜು ಕಲಿತವರಲ್ಲೂ ಈ ಹಿಂಜರಿಕೆ ಇದೆ. ಅದರ ಬೇರುಗಳನ್ನು ಮನುಷ್ಯನ ಮನಸ್ಸಿನಲ್ಲಿ ಹುಡುಕಬೇಕಾಗಿದೆ. ಅದರಲ್ಲೂ ಯುವಜನರ ಮನಸ್ಸನ್ನು ಅರಿಯುವುದು ಬಹಳ ಮುಖ್ಯ. ಏಕೆಂದರೆ ಇಂದು ಶಾಲೆಯ ಸಾಲಿನಲ್ಲಿ ತೋಳು ಚಾಚಿ ನಿಂತಿರುವ ಹುಡುಗ-ಹುಡುಗಿಯರೇ ನಾಳಿನ ತಂದೆ-ತಾಯಿಯರು. ಅವರ ಮನಸ್ಸಿನಲ್ಲಿ ಇಂದು ಮೂಡುವ ಭಾವನೆಯು ನಾಳೆ ಅವರ ಮಕ್ಕಳ ಆರೋಗ್ಯವನ್ನು ನಿರ್ಧರಿಸುತ್ತದೆ.

ಕಾಣದ ರೋಗ, ಕಾಣುವ ಸೂಜಿ

ಮನುಷ್ಯನು ಕಣ್ಣಿಗೆ ಕಂಡದ್ದಕ್ಕೆ ಹೆದರುತ್ತಾನೆ. ಗಂಟಲಮಾರಿಯಿಂದ ಉಸಿರುಗಟ್ಟಿದ ಮಗುವನ್ನು ಕಂಡ ತಾಯಿಗೆ ಲಸಿಕೆಯ ಮಹತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ಇಂದಿನ ಯುವಕನು ಆ ರೋಗವನ್ನು ಕಂಡಿಲ್ಲ. ಅವನ ಕಣ್ಣಿಗೆ ಕಾಣುವುದು ಸೂಜಿ, ಮರುದಿನದ ಜ್ವರ, ತೋಳಿನ ನೋವು ಮಾತ್ರ. ಹೀಗೆ ಲಸಿಕೆಯು ತನ್ನ ಯಶಸ್ಸಿನಿಂದಲೇ ತನ್ನ ಅಗತ್ಯವನ್ನು ಜನರ ಕಣ್ಣಿನಿಂದ ಮರೆಮಾಡಿದೆ. ಇದರ ಜೊತೆಗೆ ‘ನನಗೇನೂ ಆಗದು’ ಎಂಬ ಹರೆಯದ ಭಾವನೆಯೂ ಸೇರುತ್ತದೆ. ಹದಿಹರೆಯದವರು ತಮ್ಮನ್ನು ಉಳಿದೆಲ್ಲರಿಗಿಂತ ಭಿನ್ನರೆಂದೂ ಅಪಾಯಗಳು ತಮ್ಮನ್ನು ತಟ್ಟಲಾರವೆಂದೂ ಬಗೆಯುವುದನ್ನು ಅಮೇರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲೇ ವಿವರಿಸಿದ್ದರು.

ಇನ್ನೊಂದು ಸೂಕ್ಷ್ಮವಾದ ಸಂಗತಿಯೂ ಇದೆ. ನಾವು ಮಾಡಿದ ಕೆಲಸದಿಂದ ಕೇಡಾದರೆ ಮನಸ್ಸು ಬಹಳ ನೋಯುತ್ತದೆ. ಮಾಡದೆ ಬಿಟ್ಟದ್ದರಿಂದ ಅದೇ ಕೇಡು ಆದರೆ ‘ವಿಧಿ’ ಎಂದು ಸಮಾಧಾನಪಡುತ್ತೇವೆ. ಇಲಾನಾ ರಿಟೋವ್ ಮತ್ತು ಜೊನಾಥನ್ ಬ್ಯಾರನ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಯ ಉದಾಹರಣೆಯಿಂದಲೇ ಇದನ್ನು ತೋರಿಸಿದರು. ರೋಗದಿಂದ ಸಾಯುವ ಸಂಭವವು ಲಸಿಕೆಯಿಂದಾಗುವ ಅಪಾಯಕ್ಕಿಂತ ಹೆಚ್ಚೆಂದು ತಿಳಿಸಿದ ಮೇಲೂ ಹಲವರು ಲಸಿಕೆ ಹಾಕಿಸದಿರುವುದನ್ನೇ ಆರಿಸಿಕೊಂಡರು. ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್‌ರ ನಾಲ್ಕು ವರ್ಷದ ಮಗ 1736ರಲ್ಲಿ ಸಿಡುಬಿನಿಂದ ತೀರಿಕೊಂಡ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಸಿಡುಬು ಹಾಕಿಸುವ ಕ್ರಮವನ್ನು ಮಗನಿಗೆ ಮಾಡಿಸಲಿಲ್ಲವೆಂದು ಅವರು ಬಹುಕಾಲ ಕೊರಗಿದರು. ಮಾಡಿದರೂ ಪಶ್ಚಾತ್ತಾಪ, ಮಾಡದಿದ್ದರೂ ಪಶ್ಚಾತ್ತಾಪ ಸಾಧ್ಯವಿರುವಾಗ ಹೆಚ್ಚು ಸುರಕ್ಷಿತವಾದುದನ್ನು ಆರಿಸಬೇಕೆಂದು ಅವರು ತಮ್ಮ ಆತ್ಮಕಥೆಯಲ್ಲಿ ಇತರ ತಂದೆ-ತಾಯಿಯರಿಗೆ ತಿಳಿಹೇಳಿದ್ದಾರೆ. ಕೈಕಟ್ಟಿ ಕುಳಿತುಕೊಳ್ಳುವುದೂ ಒಂದು ತೀರ್ಮಾನವೇ. ಅದಕ್ಕೂ ನಾವೇ ಹೊಣೆಗಾರರು.

ಜೋರ್ಡಾನ್‌ನ ಶಾಲೆಗಳಲ್ಲಿ ನಡೆದದ್ದು

1998ರ ಸೆಪ್ಟೆಂಬರ್‌ನಲ್ಲಿ ಜೋರ್ಡಾನ್ ದೇಶದ ಶಾಲೆಗಳಲ್ಲಿ ಮಕ್ಕಳಿಗೆ ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಚುಚ್ಚುಮದ್ದು ನೀಡಲಾಯಿತು. ಕೆಲವು ಮಕ್ಕಳಿಗೆ ಅಸ್ವಸ್ಥತೆ ಕಾಣಿಸಿಕೊಂಡಿತು. ಸುದ್ದಿ ಹರಡಿತು. ನೋಡನೋಡುತ್ತಿದ್ದಂತೆ 800ಕ್ಕೂ ಹೆಚ್ಚು ಎಳೆಯರು ತಮಗೂ ಲಸಿಕೆಯಿಂದ ತೊಂದರೆಯಾಗಿದೆ ಎಂದರು. ಅವರಲ್ಲಿ 122 ಮಂದಿ ಆಸ್ಪತ್ರೆಗೆ ದಾಖಲಾದರು. ತನಿಖೆ ನಡೆದಾಗ ತಿಳಿದುಬಂದದ್ದೇನು? ಬಹುಪಾಲು ಮಕ್ಕಳ ತೊಂದರೆಗೆ ಲಸಿಕೆ ಕಾರಣವಾಗಿರಲಿಲ್ಲ. ಭಯವು ಒಬ್ಬರಿಂದ ಒಬ್ಬರಿಗೆ ಹರಡಿ ದೇಹದಲ್ಲಿ ರೋಗಲಕ್ಷಣವಾಗಿ ಕಾಣಿಸಿಕೊಂಡಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಆ ಮಕ್ಕಳು ನಟಿಸಲಿಲ್ಲ, ಸುಳ್ಳು ಹೇಳಲಿಲ್ಲ. ತಲೆಸುತ್ತು ನಿಜ, ಎದೆಬಡಿತ ನಿಜ, ಉಸಿರಾಟದ ಕಷ್ಟವೂ ನಿಜ. ಭಯವು ದೇಹವನ್ನು ಹೀಗೆ ನಡುಗಿಸಬಲ್ಲದು. ಕೋವಿಡ್ ಲಸಿಕೆಗಳ ಪ್ರಯೋಗಗಳಲ್ಲೂ ಇದು ಸ್ಪಷ್ಟವಾಯಿತು. ಅಲ್ಲಿ ಕೆಲವರಿಗೆ ಲಸಿಕೆಯನ್ನೂ ಕೆಲವರಿಗೆ ಔಷಧವಿಲ್ಲದ ಹುಸಿ ಚುಚ್ಚುಮದ್ದನ್ನೂ ಯಾರಿಗೆ ಯಾವುದೆಂದು ತಿಳಿಸದೆ ಕೊಡಲಾಗಿತ್ತು. ಆ ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹುಸಿ ಚುಚ್ಚುಮದ್ದು ಪಡೆದವರಲ್ಲೂ ಶೇಕಡಾ 35ರಷ್ಟು ಮಂದಿ ಮೊದಲ ಡೋಸಿನ ನಂತರ ತಲೆನೋವು, ದಣಿವು ಮುಂತಾದ ತೊಂದರೆಗಳನ್ನು ಹೇಳಿಕೊಂಡಿದ್ದರು. ಕೇಡನ್ನು ನಿರೀಕ್ಷಿಸುವ ಮನಸ್ಸು ಕೇಡನ್ನು ಅನುಭವಿಸುತ್ತದೆ. ಆದುದರಿಂದ ಲಸಿಕೆಯ ಬಳಿಕ ಒಬ್ಬ ವಿದ್ಯಾರ್ಥಿನಿ ತಲೆತಿರುಗಿ ಬಿದ್ದರೆ ಅವಳನ್ನು ಗೇಲಿ ಮಾಡುವುದು ಕ್ರೌರ್ಯ. ಪರೀಕ್ಷಿಸದೆ ‘ಲಸಿಕೆಯಿಂದಲೇ ಹೀಗಾಯಿತು’ ಎಂದು ಊರೆಲ್ಲ ಸಾರುವುದು ಅನ್ಯಾಯ.

ಸರೀಕರ ಕಣ್ಣೆದುರು

ಸೂಜಿಯ ಭಯವನ್ನು ನಾವು ಚಿಕ್ಕ ಮಕ್ಕಳ ವಿಷಯವೆಂದು ತಿಳಿದಿದ್ದೇವೆ. ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿಯೊಂದು, ಹದಿಹರೆಯದವರಲ್ಲಿ ಶೇಕಡಾ 20ರಿಂದ 50ರಷ್ಟು ಮಂದಿಗೂ ತರುಣರಲ್ಲಿ ಶೇಕಡಾ 20ರಿಂದ 30ರಷ್ಟು ಮಂದಿಗೂ ಈ ಭಯವಿದೆ ಎಂದು ಹೇಳಿದೆ. ಆದರೆ ಹದಿನಾರರ ಹುಡುಗನು ‘ನನಗೆ ಸೂಜಿಯೆಂದರೆ ಹೆದರಿಕೆ’ ಎಂದು ಗೆಳೆಯರ ನಡುವೆ ಹೇಳಿಯಾನೇ? ಹೇಳಿದರೆ ನಗೆಪಾಟಲು. ಆದ್ದರಿಂದ ಅವನು ಬೇರೊಂದು ಮಾತು ಹುಡುಕುತ್ತಾನೆ. ‘ಇದೆಲ್ಲ ಕಂಪೆನಿಗಳ ವ್ಯಾಪಾರ’ ಎನ್ನುತ್ತಾನೆ; ‘ನನ್ನ ದೇಹಕ್ಕೆ ಇದರ ಅಗತ್ಯವಿಲ್ಲ’ ಎನ್ನುತ್ತಾನೆ. ಎಷ್ಟೋ ವಾದಗಳ ಒಳಗೆ ಇಂತಹ ಒಂದು ಸಣ್ಣ ಭಯ ಅಡಗಿರುತ್ತದೆ. ವಾದಕ್ಕೆ ಉತ್ತರ ಕೊಟ್ಟು ಭಯವನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ.

ಹರೆಯದವರಿಗೆ ತಂದೆಯ ಮಾತಿಗಿಂತ ಸರೀಕರ ನೋಟ ದೊಡ್ಡದಾಗಿ ಕಾಣುತ್ತದೆ. ತರಗತಿಯ ನಾಲ್ವರು ಹಿಂದೆ ಸರಿದರೆ ಐದನೆಯವನೂ ಸರಿಯುತ್ತಾನೆ. ನಾಲ್ವರು ನಗುನಗುತ್ತಾ ಮುಂದೆ ಹೋದರೆ ಐದನೆಯವನಿಗೂ ಧೈರ್ಯ ಬರುತ್ತದೆ. ಬಲವಂತವೂ ಇದೇ ರೀತಿ ಕೆಲಸ ಮಾಡುತ್ತದೆ, ಆದರೆ ತಿರುಗುಮುರುಗಾಗಿ. ತನ್ನ ಸ್ವಾತಂತ್ರ್ಯವನ್ನು ಕಸಿಯಲಾಗುತ್ತಿದೆ ಎನಿಸಿದೊಡನೆ ಮನಸ್ಸು ವಿರುದ್ಧ ದಿಕ್ಕಿಗೆ ಸೆಟೆದು ನಿಲ್ಲುತ್ತದೆಂದು ಜ್ಯಾಕ್ ಬ್ರೆಮ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಪ್ರತಿಪಾದಿಸಿದರು. ಹರೆಯದ ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ. ಗದರಿಸಿ ಕೊಡಿಸಿದ ಲಸಿಕೆ ದೇಹಕ್ಕೆ ಸೇರಬಹುದು, ಮನಸ್ಸಿನಲ್ಲಿ ಕಹಿ ಉಳಿಯುತ್ತದೆ.

ವದಂತಿಯ ವೇಗ

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ಬೆಂಗಳೂರಿನಿಂದ ಆರಂಭವಾಯಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ 9 ತಿಂಗಳು ತುಂಬಿದವರಿಂದ 15 ವರ್ಷದೊಳಗಿನವರೆಗಿನ ಎಲ್ಲ ಮಕ್ಕಳಿಗೂ ಲಸಿಕೆ ನೀಡುವ ಉದ್ದೇಶವಿತ್ತು. ಅದರೊಂದಿಗೇ ವಾಟ್ಸಪ್‌ನಲ್ಲಿ ವದಂತಿಗಳೂ ಹೊರಟವು. ಅದೇ ವರ್ಷ ಕೇರಳದ ಮಲಪ್ಪುರಂ ಜಿಲ್ಲೆಯಲ್ಲೂ ಈ ಅಭಿಯಾನಕ್ಕೆ ಬಲವಾದ ಪ್ರತಿರೋಧ ಎದುರಾಯಿತು. ಆದರೆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಎಷ್ಟು ಮಂದಿ ರುಬೆಲ್ಲಾ ಎಂದರೇನೆಂದು ತಿಳಿದಿದ್ದರು? ಬಸುರಿನ ಆರಂಭದ ತಿಂಗಳುಗಳಲ್ಲಿ ತಾಯಿಗೆ ಈ ಸಾಮಾನ್ಯ ಜ್ವರ ತಗಲಿದರೆ, ಹುಟ್ಟುವ ಮಗು ಕುರುಡಾಗಬಹುದು, ಕಿವುಡಾಗಬಹುದು, ಹೃದಯದ ದೋಷದೊಂದಿಗೆ ಹುಟ್ಟಬಹುದು. ಒಂದು ಬೆರಳ ಸ್ಪರ್ಶದಿಂದ ಸಾಗಿಸಿದ ಸುಳ್ಳು ಯಾವುದೋ ಮನೆಯ ತೊಟ್ಟಿಲಿನ ಮೇಲೆ ಬಂದು ಬೀಳಬಹುದು.

ಸುದ್ದಿ ಬಂದಾಗ ಅದನ್ನು ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪಪಡಬೇಕಾದೀತೆಂದು ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯವು ಸತ್ಯವಿಶ್ವಾಸಿಗಳನ್ನು ಎಚ್ಚರಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳನಾಗಲು ಸಾಕೆಂಬ ಆಶಯವನ್ನು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಬೋಧನೆಯು ಮೊಬೈಲ್ ಫೋನಿಗೆ ಅನ್ವಯಿಸುವುದಿಲ್ಲವೇ?

ಅಪನಂಬಿಕೆಗೂ ಕಾರಣಗಳಿವೆ

ಜನರ ಸಂಶಯವೆಲ್ಲವೂ ಬರೀ ಭ್ರಮೆ ಎನ್ನುವುದು ಪ್ರಾಮಾಣಿಕತೆಯಲ್ಲ. 1996ರಲ್ಲಿ ನೈಜೀರಿಯದ ಕಾನೋ ನಗರದಲ್ಲಿ ಮೆದುಳುಪೊರೆಯ ಉರಿಯೂತ ಹರಡಿದ್ದಾಗ ಒಂದು ಬಹುರಾಷ್ಟ್ರೀಯ ಕಂಪೆನಿಯು ಮಕ್ಕಳ ಮೇಲೆ ಔಷಧ ಪ್ರಯೋಗ ನಡೆಸಿದ್ದು ದೊಡ್ಡ ವಿವಾದವಾಗಿ ನ್ಯಾಯಾಲಯದ ಮೆಟ್ಟಲೇರಿತು. 2003ರಲ್ಲಿ ಅದೇ ಪ್ರದೇಶದ ಜನರು ಪೋಲಿಯೋ ಹನಿಯನ್ನು ಬಹಿಷ್ಕರಿಸಿದಾಗ ಆ ಹಳೆಯ ಗಾಯ ಅದರ ಹಿಂದೆ ಇತ್ತು. 2011ರಲ್ಲಿ ಅಮೇರಿಕದ ಗುಪ್ತಚರ ಸಂಸ್ಥೆಯು ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ಲಸಿಕೆ ಅಭಿಯಾನದ ಸೋಗಿನಲ್ಲಿ ಬೇಹುಗಾರಿಕೆ ನಡೆಸಿತು. ಅದರ ಬೆಲೆಯನ್ನು ತೆತ್ತವರು ಮನೆಮನೆಗೆ ಹನಿ ಹಾಕಲು ಹೋಗುತ್ತಿದ್ದ ಬಡ ಕಾರ್ಯಕರ್ತೆಯರು ಮತ್ತು ಪುಟ್ಟ ಮಕ್ಕಳು. ನಮ್ಮ ದೇಶದಲ್ಲೂ 2010ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಶಾಲಾ ಬಾಲಕಿಯರಿಗೆ ಲಸಿಕೆ ಕೊಡುತ್ತಿದ್ದ ಒಂದು ಯೋಜನೆ ಸ್ಥಗಿತಗೊಂಡಿತು. ಬಾಲಕಿಯರ ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಹಲವೆಡೆ ಹೆತ್ತವರ ಬದಲು ಹಾಸ್ಟೆಲಿನ ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬೆಳಕಿಗೆ ಬಂತು.

ಈ ಘಟನೆಗಳಿಂದ ನಾವು ಕಲಿಯಬೇಕಾದುದೇನು? ಅನ್ಯಾಯವಾದಾಗ ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಅನ್ಯಾಯ ಮಾಡಿದವರ ಮೇಲಿನ ಕೋಪಕ್ಕೆ ನಮ್ಮ ಮಕ್ಕಳ ಕಾಲುಗಳನ್ನು ಬಲಿ ಕೊಡಬಾರದು. ಕಾನೋದಲ್ಲಿ ಬಹಿಷ್ಕಾರದ ಅವಧಿಯಲ್ಲಿ ಪೋಲಿಯೋ ಮತ್ತೆ ಹಬ್ಬಿ ನೆರೆಯ ದೇಶಗಳಿಗೂ ದಾಟಿತು. ಕೊನೆಗೆ 2004ರಲ್ಲಿ ಮುಸ್ಲಿಮ್ ದೇಶವಾದ ಇಂಡೋನೇಶ್ಯದಿಂದ ತರಿಸಿದ ಲಸಿಕೆಯೊಂದಿಗೆ ಅಲ್ಲಿ ಅಭಿಯಾನ ಪುನರಾರಂಭವಾಯಿತು. ಉತ್ತರ ಪ್ರದೇಶದಲ್ಲೂ ಪೋಲಿಯೋ ಹನಿಯಿಂದ ಸಂತಾನಶಕ್ತಿ ನಾಶವಾಗುತ್ತದೆಂಬ ವದಂತಿ ಇತ್ತು. ಅಲ್ಲಿ ಧಾರ್ಮಿಕ ವಿದ್ವಾಂಸರು, ಮಸೀದಿಯ ಇಮಾಮರು ಮುಂದೆ ಬಂದರು. ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಮತ್ತು ಜಾಮಿಯಾ ಹಮ್‌ದರ್ದ್ ಸಂಸ್ಥೆಗಳು ಈ ಕಾರ್ಯದಲ್ಲಿ ಕೈಜೋಡಿಸಿದವು. 2009ರಲ್ಲಿ ದೇಶದಲ್ಲಿ 741 ಪೋಲಿಯೋ ಪ್ರಕರಣಗಳಿದ್ದವು. 2010ರಲ್ಲಿ ಆ ಸಂಖ್ಯೆ 42ಕ್ಕೆ ಇಳಿಯಿತು. ಪರಿಣಾಮಕಾರಿಯಾದ ಲಸಿಕೆಗಳು ಬಂದುದರ ಜೊತೆಗೆ ಪರಿಚಿತರ ಮಾತಿನ ಮೇಲೆ ಜನರಿಟ್ಟ ನಂಬಿಕೆಯೂ ಇಲ್ಲಿ ಕೆಲಸ ಮಾಡಿತು.

ಲಜ್ಜೆಯ ಹೆಸರಿನಲ್ಲಿ

ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಭಾರತದಲ್ಲಿ ಪ್ರತಿವರ್ಷ ಸುಮಾರು 1.2 ಲಕ್ಷ ಸ್ತ್ರೀಯರು ಗರ್ಭಕಂಠದ ಕ್ಯಾನ್ಸರ್‌ಗೆ ಗುರಿಯಾಗುತ್ತಾರೆ. 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಇದಕ್ಕೆ ಮುಖ್ಯ ಕಾರಣವಾದ ಎಚ್‌ಪಿವಿ ಎಂಬ ವೈರಾಣುವನ್ನು ತಡೆಯುವ ಲಸಿಕೆ ಇದೆ. ಅದನ್ನು 9ರಿಂದ 14ರ ವಯಸ್ಸಿನಲ್ಲಿ ಕೊಡುವುದು ಉತ್ತಮ. 17 ವರ್ಷಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರಿನ ಅಪಾಯ ಶೇಕಡಾ 88ರಷ್ಟು ಕಡಿಮೆ ಇದ್ದುದನ್ನು 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ತೋರಿಸಿತು.

ಈ ವೈರಾಣು ದಾಂಪತ್ಯ ಸಂಬಂಧದ ಮೂಲಕ ಹರಡುವಂತಹುದು ಎಂದು ಕೇಳಿದೊಡನೆ ಹಲವು ತಾಯಂದಿರು ಮುಖ ತಿರುಗಿಸುತ್ತಾರೆ. ‘ನನ್ನ ಮಗಳಿಗೆ ಇದೇಕೆ? ಅವಳ ಶೀಲದ ಮೇಲೆ ಸಂಶಯವೇ?’ ಎಂಬ ಪ್ರಶ್ನೆ ಏಳುತ್ತದೆ. ಮಗಳೂ ತಾಯಿಯ ಮುಖ ನೋಡಿ ಮೌನವಾಗುತ್ತಾಳೆ. ಲಜ್ಜೆಯು ವಿಶ್ವಾಸದ ಅಂಗ, ನಿಜ. ಆದರೆ ಶೀಲವತಿಯಾದ ಸ್ತ್ರೀಗೂ ಈ ವೈರಾಣು ತನ್ನ ಧರ್ಮಬದ್ಧ ವಿವಾಹದ ಮೂಲಕವೇ ಬರಬಹುದು. ಗಂಡನ ಹಿಂದಿನ ಬದುಕಿನ ಬೆಲೆಯನ್ನು ಅವಳು ತೆರಬೇಕಾಗಬಹುದು. ಪ್ರವಾದಿವರ್ಯರ(ಸ) ಕಾಲದ ಅನ್ಸಾರೀ ಸ್ತ್ರೀಯರು ತಮ್ಮ ಶುದ್ಧಿಯ ವಿಷಯಗಳನ್ನು ಕೇಳಿ ತಿಳಿಯಲು ನಾಚಿಕೆಯನ್ನು ಅಡ್ಡ ಬರಗೊಡಲಿಲ್ಲವೆಂದು ಹ. ಆಯಿಶಾ(ರ) ಅವರನ್ನು ಪ್ರಶಂಸಿಸಿದ್ದಾರೆ. ಮಗಳ ಪ್ರಾಣದ ವಿಷಯದಲ್ಲಿ ತಾಯಿ ಆ ಧೈರ್ಯ ತೋರಬೇಡವೇ?

ಭಯಕ್ಕೆ ಸೋತ ದೇಶಗಳೂ ಇವೆ, ಅದನ್ನು ಗೆದ್ದ ದೇಶಗಳೂ ಇವೆ. ಇದೇ ಲಸಿಕೆಯ ಬಗ್ಗೆ ಆತಂಕದ ವರದಿಗಳು ಹಬ್ಬಿದಾಗ ಜಪಾನ್ ಸರಕಾರವು 2013ರ ಜೂನ್‌ನಲ್ಲಿ ತನ್ನ ಶಿಫಾರಸನ್ನು ಹಿಂತೆಗೆಯಿತು. ಲಸಿಕೆ ಪಡೆಯುವ ಬಾಲಕಿಯರ ಪ್ರಮಾಣ ಶೇಕಡಾ 70ರ ಆಸುಪಾಸಿನಿಂದ ಶೇಕಡಾ 1ಕ್ಕಿಂತಲೂ ಕೆಳಗಿಳಿಯಿತು. ಶಿಫಾರಸು ಮರಳಿ ಬರಲು 2022ರ ಏಪ್ರಿಲ್ ಆಗಬೇಕಾಯಿತು. ಡೆನ್ಮಾರ್ಕ್‌ನಲ್ಲೂ ದೂರದರ್ಶನದ ಒಂದು ಕಾರ್ಯಕ್ರಮದ ಬಳಿಕ ಇಂತಹುದೇ ಕುಸಿತ ಕಂಡಿತು. ಆದರೆ ಅಲ್ಲಿನ ಆರೋಗ್ಯ ಇಲಾಖೆ, ಕ್ಯಾನ್ಸರ್ ಸಂಘ ಮತ್ತು ವೈದ್ಯರ ಸಂಘ 2017ರಲ್ಲಿ ಒಂದಾಗಿ, ತಾಯಂದಿರ ಪ್ರಶ್ನೆಗಳಿಗೆ ಸಹನೆಯಿಂದ ಉತ್ತರಿಸತೊಡಗಿದವು. ಜನರ ವಿಶ್ವಾಸ ಮರಳಿತು.

ತವಕ್ಕುಲ್ ಎಂದರೇನು?

‘ಅಲ್ಲಾಹನು ಬರೆದದ್ದು ಬಂದೇ ಬರುತ್ತದೆ, ಲಸಿಕೆ ಏಕೆ?’ ಎಂದು ಕೇಳುವ ಯುವಕರಿದ್ದಾರೆ. ಹಿಜರಿ 18ರಲ್ಲಿ ಖಲೀಫ ಹ. ಉಮರ್(ರ) ಸಿರಿಯಾದ ಕಡೆಗೆ ಹೊರಟಿದ್ದಾಗ, ಸರ್ಗ್ ಎಂಬಲ್ಲಿ ಆ ನಾಡಿನಲ್ಲಿ ಪ್ಲೇಗ್ ಹರಡಿರುವ ಸುದ್ದಿ ಬಂತು. ಸಮಾಲೋಚನೆಯ ಬಳಿಕ ಅವರು ಹಿಂದಿರುಗಲು ನಿಶ್ಚಯಿಸಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಹ. ಅಬೂ ಉಬೈದಾ(ರ) ಕೇಳಿದಾಗ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿರುವುದಾಗಿ ಖಲೀಫರು ಉತ್ತರಿಸಿದರು. ಹಸಿರು ಕಣಿವೆ ಮತ್ತು ಬರಡು ಕಣಿವೆಗಳ ಉದಾಹರಣೆ ಕೊಟ್ಟು, ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಎಂದರು. ಪ್ಲೇಗ್ ಇರುವ ಊರಿಗೆ ಹೋಗಬಾರದು, ಇರುವ ಊರಿನಿಂದ ಹೊರಡಬಾರದು ಎಂಬ ಪ್ರವಾದಿ(ಸ) ವಚನವನ್ನು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಿಳಿಸಿದಾಗ ಆ ನಿರ್ಧಾರ ಇನ್ನಷ್ಟು ದೃಢವಾಯಿತು. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬುದೇ ನಮಗೆ ಸಿಕ್ಕಿರುವ ಶಿಕ್ಷಣ. ಇಂದು ಹಜ್ ಯಾತ್ರೆಗೆ ಹೊರಡುವವರು ಮೆನಿಂಜೈಟಿಸ್ ಲಸಿಕೆ ಪಡೆದೇ ಹೊರಡುತ್ತಾರೆ. ಅದು ಅವರ ತವಕ್ಕುಲ್‌ಗೆ ಕುಂದುಂಟುಮಾಡುವುದಿಲ್ಲ.

ನಾವು ಮಾಡಬಹುದಾದುದು

ಹೆತ್ತವರು ಮತ್ತು ಅಧ್ಯಾಪಕರು ಮೊದಲು ಮಕ್ಕಳ ಮಾತನ್ನು ಕೇಳಬೇಕು. ‘ನಿನಗೆ ಯಾವುದರ ಭಯ?’ ಎಂಬ ಒಂದು ಪ್ರಶ್ನೆ ಹತ್ತು ಉಪದೇಶಗಳಿಗಿಂತ ಮೇಲು. ‘ಏನೂ ಆಗುವುದಿಲ್ಲ’ ಎಂದು ಸುಳ್ಳು ಧೈರ್ಯ ಹೇಳಬಾರದು. ತೋಳು ನೋಯಬಹುದು, ಒಂದೆರಡು ದಿನ ಜ್ವರ ಬರಬಹುದು, ತೀವ್ರವಾದ ಅಲರ್ಜಿ ಬರುವುದು ಹತ್ತು ಲಕ್ಷ ಡೋಸುಗಳಲ್ಲಿ ಒಂದೆರಡು ಬಾರಿ, ಅದಕ್ಕೂ ಚಿಕಿತ್ಸೆ ಇದೆ, ಅದಕ್ಕಾಗಿಯೇ ಸ್ವಲ್ಪ ಹೊತ್ತು ಕುಳಿತಿರಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸತ್ಯ ಕೇಳಿದ ಮಗು ಮರುದಿನ ಜ್ವರ ಬಂದಾಗ ಗಾಬರಿಯಾಗುವುದಿಲ್ಲ.

ಶಾಲೆಯಲ್ಲಿ ಎಲ್ಲರ ಕಣ್ಣೆದುರು ಸಾಲಾಗಿ ಚುಚ್ಚುವ ಬದಲು ಒಂದು ಪರದೆ ಕಟ್ಟಿದರೆ ಭಯ ಹರಡುವುದು ಕಡಿಮೆಯಾಗುತ್ತದೆ. ಮಕ್ಕಳು ಹಸಿದ ಹೊಟ್ಟೆಯಲ್ಲಿ ಬರಬಾರದು. ಹಿಂದೆ ತಲೆತಿರುಗಿ ಬಿದ್ದವರನ್ನು ಮಲಗಿಸಿ ಚುಚ್ಚುಮದ್ದು ಕೊಡಬಹುದು. ಅಂತಹವರು ಕೈಕಾಲುಗಳ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು ಸಡಿಲಿಸುವುದನ್ನು ಕೆಲವು ಬಾರಿ ಮಾಡಿದರೆ ರಕ್ತದೊತ್ತಡ ಕುಸಿಯದೆ ತಲೆಸುತ್ತು ತಪ್ಪುತ್ತದೆ. ಚುಚ್ಚುವ ತೋಳು ಮಾತ್ರ ಸಡಿಲವಾಗಿರಲಿ.

ಯುವ ಮಿತ್ರರೇ! ನಿಮ್ಮಲ್ಲಿ ಪ್ರಶ್ನೆಗಳಿದ್ದರೆ ಅದು ದೋಷವಲ್ಲ. ಆದರೆ ಪ್ರಶ್ನೆಯನ್ನು ಬಲ್ಲವರ ಬಳಿ ಒಯ್ಯಿರಿ. ನಿಮ್ಮೂರಿನ ವೈದ್ಯರಿದ್ದಾರೆ, ಆರೋಗ್ಯ ಕಾರ್ಯಕರ್ತೆಯರಿದ್ದಾರೆ, ವೈದ್ಯಕೀಯ ಕಲಿಯುತ್ತಿರುವ ನಿಮ್ಮದೇ ಅಕ್ಕ-ಅಣ್ಣಂದಿರಿದ್ದಾರೆ. ಸಂದೇಶವೊಂದು ಬಂದಾಗ ಕಳುಹಿಸುವ ಮುನ್ನ ಒಮ್ಮೆ ನಿಲ್ಲಿರಿ. ಹೆದರಿದ ಗೆಳೆಯನನ್ನು ಹಾಸ್ಯ ಮಾಡದೆ ಅವನ ಪಕ್ಕದಲ್ಲಿ ನಿಂತುಕೊಳ್ಳಿರಿ. ನೀವು ಪಡೆಯುವ ಲಸಿಕೆಯು ನಿಮ್ಮೊಬ್ಬರನ್ನೇ ಕಾಯುವುದಲ್ಲ. ದಡಾರದಂತಹ ರೋಗವು ನಿಮ್ಮಲ್ಲಿ ತಡೆದು ನಿಂತರೆ, ಇನ್ನೂ ಲಸಿಕೆಯ ವಯಸ್ಸಾಗದ ನೆರೆಮನೆಯ ಹಸುಗೂಸಿಗೂ, ಕ್ಯಾನ್ಸರ್ ಚಿಕಿತ್ಸೆಯಿಂದ ಬಳಲಿದ ಹಿರಿಯರಿಗೂ ಅದು ತಲಪುವುದಿಲ್ಲ. ಒಂದು ಜೀವವನ್ನು ಉಳಿಸುವುದು ಇಡೀ ಮಾನವ ಕುಲವನ್ನು ಉಳಿಸುವುದಕ್ಕೆ ಸಮಾನವೆಂದು ನಂಬುವವರಿಗೆ ಇದಕ್ಕಿಂತ ಸುಲಭವಾದ ಸತ್ಕರ್ಮ ಬೇರಾವುದಿದೆ?

ಆರೋಗ್ಯವು ಅಲ್ಲಾಹನು ನಮ್ಮ ಕೈಯಲ್ಲಿಟ್ಟ ಅಮಾನತು. ಭಯದಿಂದಲೋ ಉಡಾಫೆಯಿಂದಲೋ ಅದನ್ನು ಕಳೆದುಕೊಳ್ಳದಿರಲು ಅವನು ನಮಗೆ ವಿವೇಕವನ್ನು ದಯಪಾಲಿಸಲಿ.